ಎಣಿಕೆಗೆ ಬಾರದ ಚೆಂಡು



ಸಾಹಿತ್ಯ, ಶಾಸನ, ಸಂಗೀತ ಮೊದಲಾದ ವಿಷಯಗಳಿಗೆ ಮೀಸಲೆಂದು ತೋರುವ ಇಂಥ ದತ್ತಿ ಉಪನ್ಯಾಸಗಳ ಸಾಲಿನಲ್ಲಿ ಆಟವೊಂದನ್ನು ಕುರಿತು ಮಾತನಾಡುವ ಅವಕಾಶ ದೊರೆತದ್ದು ನನ್ನ ಪಾಲಿಗೆ ದೊಡ್ಡ ಸಂತೋಷದ ಸಂಗತಿ. ಯಾರ ನೆನಪಿಗಾಗಿ ಈ ದತ್ತಿ ಸ್ಥಾಪಿತವಾಗಿದೆಯೋ ಆ ಹಿರಿಯರು ಅಧ್ಯಾಪನದಿಂದ ನಿವೃತ್ತರಾದ ಮೇಲೆಯೂ ಸಂಜೆಯ ಹೊತ್ತು ಬ್ಯಾಸ್ಕೆಟ್‌ಬಾಲ್ ಅಂಕಣದ ಅಂಚಿನ ಕಲ್ಲುಬೆಂಚನ್ನು ಬಿಡಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ, ಆ ಆಟದಲ್ಲಿ ಸಾರ್ವಕಾಲಿಕ ಶ್ರೇಷ್ಠರೆನಿಸಿಕೊಂಡ ವೃತ್ತಿ ಆಟಗಾರರ ಸಾಧನೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗುವುದು ಹೇಗೆ ಎಂಬ ಪ್ರಶ್ನೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಓದಿನಿಂದಲ್ಲ, ಒಂದು ಪುಸ್ತಕವನ್ನು ಬರೆಯುವ ಕೆಲಸದಿಂದ. ಕಾಲೇಜಿನಲ್ಲಿದ್ದ ನಾಲ್ಕು ವರ್ಷವೂ ನಮ್ಮ ತಂಡದ ಅಂಕಪುಸ್ತಕ ನನ್ನ ಕೈಯಲ್ಲಿತ್ತು. ಅಂಕಣದ ಬದಿಯ ಮೇಜಿನ ಮುಂದೆ ಕುಳಿತು, ಬುಟ್ಟಿಗೆ ಬಿದ್ದ ಚೆಂಡಿಗೊಂದು ಗೀಟು, ತಪ್ಪಿಗೊಂದು ಗುರುತು ಹಾಕುತ್ತ ಹೋಗುವುದು; ಆಟ ಮುಗಿದ ಮೇಲೆ ಕೂಡಿ ಬರೆಯುವುದು; ಇಷ್ಟೆ. ಆ ತಂಡದಲ್ಲಿ ಒಬ್ಬ ಹುಡುಗನಿದ್ದ. ಅವನು ಚೆಂಡನ್ನು ಬುಟ್ಟಿಗೆ ಎಸೆಯುತ್ತಿದ್ದುದೇ ಅಪರೂಪ. ಆದರೆ ಅವನು ಬುಟ್ಟಿಯ ಕೆಳಗೆ ನಿಂತಿರುವಷ್ಟು ಹೊತ್ತು ಎದುರಾಳಿಗಳ ಕೈ ನಡುಗುತ್ತಿತ್ತು, ಅವರ ಎಸೆತಗಳು ದಾರಿ ತಪ್ಪುತ್ತಿದ್ದುವು, ನಮ್ಮವರು ಗೆಲ್ಲುತ್ತಿದ್ದರು. ವರ್ಷಾಂತ್ಯದಲ್ಲಿ ಉತ್ತಮ ಆಟಗಾರನ ಬಹುಮಾನವನ್ನು ಯಾರಿಗೆ ಕೊಡಬೇಕೆಂದು ಹಿರಿಯರು ನನ್ನ ಪುಸ್ತಕವನ್ನು ತರಿಸಿ ನೋಡಿದರು. ಆ ಹುಡುಗನ ಹೆಸರಿನ ಮುಂದಿನ ಸಾಲು ಹೆಚ್ಚುಕಡಮೆ ಬರಿದಾಗಿತ್ತು. ಬಹುಮಾನ ಬೇರೊಬ್ಬನಿಗೆ ಹೋಯಿತು. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನನ್ನ ಪುಸ್ತಕ ಆ ದಿನ ಒಂದು ಅನ್ಯಾಯಕ್ಕೆ ಸಾಕ್ಷಿ ನುಡಿಯಿತೆಂಬ ಭಾವನೆ ಅಂದಿನಿಂದ ಇಂದಿನವರೆಗೂ ನನ್ನ ಮನಸ್ಸಿನಿಂದ ಮಾಸಿಲ್ಲ.

ಇಬ್ಬರಲ್ಲಿ ಹೆಚ್ಚಿನವನನ್ನು ಹೇಳುವಾಗ ಸಂಸ್ಕೃತದಲ್ಲಿ ‘ತರ’ ಎಂಬ ಪ್ರತ್ಯಯವನ್ನೂ, ಹಲವರಲ್ಲಿ ಮಿಗಿಲಾದವನನ್ನು ಹೇಳುವಾಗ ‘ತಮ’ ಎಂಬ ಪ್ರತ್ಯಯವನ್ನೂ ಹಚ್ಚುತ್ತಾರೆ; ಇವೆರಡೂ ಕೂಡಿದಲ್ಲಿ ಹುಟ್ಟಿದ ಮಾತು ತಾರತಮ್ಯ. ದ್ವೈತ ವೇದಾಂತದಲ್ಲಿ ಈ ತಾರತಮ್ಯ ಜ್ಞಾನಕ್ಕೆ ಎಷ್ಟು ಗೌರವದ ಸ್ಥಾನವಿದೆಯೆಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಅಂದಮೇಲೆ ಹಿರಿಯರನ್ನು ಹೋಲಿಸುವುದೇ ತಪ್ಪು, ಎಲ್ಲರೂ ಅವರವರ ರೀತಿಯಲ್ಲಿ ದೊಡ್ಡವರು ಎಂದು ಕೈಮುಗಿದು ಕುಳಿತುಬಿಡುವ ಮಾರ್ಗ ನನಗೆ ಒಪ್ಪಿಗೆಯಾದುದಲ್ಲ. ಅದು ವಿನಯದಂತೆ ಕಂಡರೂ ವಿವೇಚನೆಯ ಆಲಸ್ಯ. ಆದರೆ ಪಂಪನ ಚಂಪುವನ್ನೂ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೂ ಪದ್ಯಗಳ ಸಂಖ್ಯೆಯನ್ನೆಣಿಸಿ ತೂಗಲು ಹೊರಟವನನ್ನು ನಾವು ಹೇಗೆ ತಡೆದು ನಿಲ್ಲಿಸುತ್ತೇವೆಯೋ ಹಾಗೆಯೇ, ಅಂಕಗಳ ಮೊತ್ತವನ್ನು ಹಿಡಿದು ಆಟಗಾರರನ್ನು ಸಾಲಾಗಿ ನಿಲ್ಲಿಸುವವನನ್ನೂ ತಡೆದು, ‘ಅಯ್ಯಾ, ನಿನ್ನ ಕೈಯಲ್ಲಿರುವ ಕೊಳಗ ಯಾವ ಊರಿನದು?’ ಎಂದು ಕೇಳಬೇಕಾಗುತ್ತದೆ. ಕೊಳಗ ಊರಿಂದೂರಿಗೆ ಬೇರೆಯಾಗಿದ್ದ ಕಾಲವನ್ನು ಕಂಡ ಹಿರಿಯರಿಗೆ ಈ ಪ್ರಶ್ನೆಯ ಬೆಲೆ ಗೊತ್ತು.

ಬ್ಯಾಸ್ಕೆಟ್‌ಬಾಲಿನಲ್ಲಿಯಾದರೋ ಕೊಳಗ ಊರಿಂದೂರಿಗೆ ಬದಲಾಗಿದ್ದಲ್ಲದೆ, ಅದರಿಂದ ಅಳೆಯಲ್ಪಟ್ಟವರ ಕೈಯಿಂದಲೇ ಬದಲಾಯಿತು. ನಾನು ಈ ದಿನ ಹೇಳಬೇಕೆಂದಿರುವುದರ ತಿರುಳು ಇದು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂಕಣದ ಕಟಕಟೆಗೆ ಹೊಡೆದು 13 ನಿಯಮಗಳನ್ನು ಬರೆದು ತೂಗುಹಾಕಿದಾಗ, ಆ ಕಟಕಟೆ ನೆಲದಿಂದ ಹತ್ತಡಿ ಎತ್ತರದಲ್ಲಿತ್ತು. ಇಂದಿಗೂ ಬುಟ್ಟಿಯ ಎತ್ತರ ಹತ್ತೇ ಅಡಿ. ಮಿಕ್ಕುದೆಲ್ಲ, ಅಂಕಣದ ಗೆರೆಗಳು, ಎಸೆತದ ಬೆಲೆ, ಚೆಂಡನ್ನು ಇಟ್ಟುಕೊಳ್ಳಬಹುದಾದ ಅವಧಿ, ಯಾವುದನ್ನು ಎಣಿಸಬೇಕು ಯಾವುದನ್ನು ಎಣಿಸಬೇಕಾಗಿಲ್ಲವೆಂಬ ಕಟ್ಟಳೆ, ಎಲ್ಲವೂ ಬದಲಾದುವು.

ಇಂದಿನ ಎನ್‌ಬಿಎ ಎಂಬ ವೃತ್ತಿ ಕೂಟದ ಬೇರು 1946ರಲ್ಲಿ ಮೊಳೆತು, ಆ ಹೆಸರು 1949ರಲ್ಲಿ ನಿಂತಿತು. ಅದರ ಮೊದಲ ಮಹಾಕಾಯನು ಮಿನಿಯಾಪೊಲಿಸ್ ಲೇಕರ್ಸ್ ತಂಡದ ಜಾರ್ಜ್ ಮೈಕನ್. ಕನ್ನಡಕ ಧರಿಸಿ ಆಡುತ್ತಿದ್ದ ಈ ಎತ್ತರದ ಮನುಷ್ಯನು ಬುಟ್ಟಿಯ ಬಳಿ ನಿಂತನೆಂದರೆ ಅವನನ್ನು ಅಲುಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲವಾಗಿ, 1951ರಲ್ಲಿ ಬುಟ್ಟಿಯ ಮುಂದಿನ, ಎಸೆಯುವ ಪಕ್ಷದವರು ಹೆಚ್ಚು ಹೊತ್ತು ನಿಲ್ಲಬಾರದ ಓಣಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿದರು. ಅದಕ್ಕೆ ಹಿಂದಿನ ವರ್ಷ, 1950ರ ನವೆಂಬರ್ 22ರಂದು, ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಮೈಕನ್‌ನ ಕೈಗೆ ಚೆಂಡು ಸಿಗದಂತೆ ಮಾಡುವ ಒಂದೇ ಉಪಾಯವೆಂದರೆ ಚೆಂಡನ್ನು ತಾವೇ ಹಿಡಿದು ನಿಂತುಬಿಡುವುದೆಂದು ಬಗೆದು, 19-18ರಿಂದ ಗೆದ್ದರು. ಹೀಗೆ ನಿಂತ ನೀರಾಗತೊಡಗಿದ ಆಟವನ್ನು ಹರಿಯಿಸಿದವನು ಸಿರಕ್ಯೂಸ್ ತಂಡದ ಒಡೆಯನಾದ ಡ್ಯಾನಿ ಬಿಯಸೋನ್. ಒಳ್ಳೆಯ ಪಂದ್ಯವೊಂದರಲ್ಲಿ ಎರಡು ಪಕ್ಷದವರೂ ಸೇರಿ ಸುಮಾರು 120 ಬಾರಿ ಎಸೆಯುತ್ತಾರೆ, ಪಂದ್ಯದ 48 ನಿಮಿಷಗಳಿಗೆ 2,880 ಸೆಕೆಂಡುಗಳು, ಭಾಗಿಸಿದರೆ 24 ಎಂದು ಲೆಕ್ಕ ಹಾಕಿ, ಅಷ್ಟರೊಳಗೆ ಎಸೆಯಲೇಬೇಕೆಂಬ ಗಡಿಯಾರವನ್ನು 1954ರಲ್ಲಿ ತರಿಸಿದನು. ಒಂದೇ ವರ್ಷದಲ್ಲಿ ತಂಡವೊಂದರ ಸರಾಸರಿ ಅಂಕ 79ರಿಂದ 93ಕ್ಕೆ ಏರಿತು. ಮೈಕನ್ನನ ಐದು ಪ್ರಶಸ್ತಿಗಳು ಆ ಗಡಿಯಾರಕ್ಕೆ ಹಿಂದಿನವು. ಆತನ ಅಂಕಗಳನ್ನು ಇಂದಿನವರ ಅಂಕಗಳೊಡನೆ ನೇರವಾಗಿ ಹೋಲಿಸುವುದಕ್ಕಿಂತ, ಒಬ್ಬ ಮನುಷ್ಯನ ಹೆದರಿಕೆಯಿಂದ ನೆಲದ ಮೇಲಿನ ಗೆರೆಯನ್ನೇ ಅಳಿಸಿ ಬೇರೆಡೆ ಬರೆಯಬೇಕಾಯಿತೆಂಬುದನ್ನು ಆತನ ಮೊದಲ ಬಿರುದಾಗಿ ಬರೆದುಕೊಳ್ಳುವುದು ಲೇಸು.

ಈಗ 1961-62ರ ಋತುವಿಗೆ ಬರೋಣ. ಇಡೀ ಇತಿಹಾಸದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈ ಒಂದು ವರ್ಷದಲ್ಲಿ. ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಆ ವರ್ಷ ಪಂದ್ಯಕ್ಕೆ 50.4 ಅಂಕಗಳ ಸರಾಸರಿಯಲ್ಲಿ 4,029 ಅಂಕ ಗಳಿಸಿದನು, ಪಂದ್ಯಕ್ಕೆ 25.7ರಂತೆ, ಬುಟ್ಟಿ ತಪ್ಪಿ ಪುಟಿದ ಚೆಂಡುಗಳನ್ನು, ಎಂದರೆ ರೀಬೌಂಡ್‌ಗಳನ್ನು ಹಿಡಿದನು. 48 ನಿಮಿಷದ ಆಟದಲ್ಲಿ ಸರಾಸರಿ 48.5 ನಿಮಿಷ ಅಂಕಣದಲ್ಲಿದ್ದನು. ಹೆಚ್ಚುವರಿ ಅವಧಿಗಳನ್ನು ಸೇರಿಸಿದರೆ ಮಾತ್ರ ಅರ್ಥವಾಗುವ ಸಂಖ್ಯೆಯಿದು. ಆತನು ಬೆಂಚಿನ ಮೇಲೆ ಕುಳಿತದ್ದೇ ಇಲ್ಲವೆಂದರೂ ನಡೆದೀತು. 1962ರ ಮಾರ್ಚ್ 2ರ ರಾತ್ರಿ ಪೆನ್ಸಿಲ್ವೇನಿಯದ ಹರ್ಷಿ ಎಂಬ, ಚಾಕೊಲೇಟಿಗೆ ಹೆಸರಾದ ಪುಟ್ಟ ಊರಿನಲ್ಲಿ, 4,124 ಜನ ಪ್ರೇಕ್ಷಕರೆದುರಿಗೆ, ನ್ಯೂಯಾರ್ಕ್ ನಿಕ್ಸ್ ತಂಡದ ಮೇಲೆ ಆತನೊಬ್ಬನೇ 100 ಅಂಕ ಗಳಿಸಿದನು. 63 ಎಸೆತಗಳಲ್ಲಿ 36 ಬುಟ್ಟಿಗೆ ಬಿದ್ದುವು. ಫ್ರೀ ಥ್ರೋ ಎಂದರೆ ಜೀವಮಾನವಿಡೀ ಅರ್ಧಕ್ಕರ್ಧ ತಪ್ಪುತ್ತಿದ್ದ ಆತನು ಆ ರಾತ್ರಿ ಮಾತ್ರ 32ರಲ್ಲಿ 28ನ್ನು ಹಾಕಿದನು. ಆ ಪಂದ್ಯದ ಚಲಚ್ಚಿತ್ರವಿಲ್ಲ. ಜನರ ಕಣ್ಣಲ್ಲಿ ಉಳಿದಿರುವುದು, ತುಂಡು ಕಾಗದದ ಮೇಲೆ ಕೈಬರಹದಲ್ಲಿ ‘100’ ಎಂದು ಬರೆದು ಆತನ ಕೈಗೆ ಕೊಟ್ಟು ತೆಗೆದ ಒಂದು ಛಾಯಾಚಿತ್ರ. ಅಂಕಪುಸ್ತಕ ಬರೆದವನಾದ ನನಗೆ ಆ ಕಾಗದವನ್ನು ಕಂಡಾಗಲೆಲ್ಲ ಮೈ ನವಿರೇಳುತ್ತದೆ.

ಅದೇ ವರ್ಷ ಸಿನ್ಸಿನಾಟಿಯ ಆಸ್ಕರ್ ರಾಬರ್ಟ್‌ಸನ್ ಪಂದ್ಯಕ್ಕೆ 30.8 ಅಂಕ, 12.5 ರೀಬೌಂಡ್, ಜೊತೆಗಾರನಿಗೆ ಬುಟ್ಟಿ ದೊರಕಿಸಿದ 11.4 ಅಸಿಸ್ಟ್‌ಗಳ ಸರಾಸರಿ ಕಂಡನು. ಹೀಗೆ ಮೂರರಲ್ಲಿಯೂ ಎರಡಂಕಿಯ ಸರಾಸರಿಯನ್ನು ಇನ್ನೊಬ್ಬನು, ರಸೆಲ್ ವೆಸ್ಟ್‌ಬ್ರೂಕ್, ಮುಟ್ಟಿದ್ದು 2016-17ರಲ್ಲಿ. 1961-62ರಲ್ಲಿಯೇ ಎಲ್ಜಿನ್ ಬೇಲರ್ ಸೈನ್ಯದ ಸೇವೆಯಲ್ಲಿದ್ದು, ವಾರಾಂತ್ಯದ ರಜೆ ಪಡೆದು ಬಂದು 48 ಪಂದ್ಯಗಳನ್ನಷ್ಟೇ ಆಡಿಯೂ 38.3 ಅಂಕಗಳ ಸರಾಸರಿಯನ್ನು ಸಾಧಿಸಿದನು. ಇಂಥ ಮೂವರು ಒಂದೇ ವರ್ಷದಲ್ಲಿ ಬೆಳಗಿದರೆಂದಮೇಲೆ, ವರ್ಷದ ಅತ್ಯಮೂಲ್ಯ ಆಟಗಾರನೆಂಬ ಗೌರವ, ಎಂವಿಪಿ ಎಂದು ನಾವು ಕರೆಯುವ ಗೌರವ, ಯಾರಿಗೆ ಸಂದಿತು? ಮೂವರಲ್ಲಿ ಒಬ್ಬರಿಗೂ ಅಲ್ಲ. ಅದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ಲನಿಗೆ ಸಂದಿತು.

ಇಲ್ಲೊಂದು ಸೂಕ್ಷ್ಮವಿದೆ. ಆ ಕಾಲದಲ್ಲಿ ಎಂವಿಪಿಯನ್ನು ಆರಿಸುತ್ತಿದ್ದವರು ಸಹ ಆಟಗಾರರು. ವರ್ಷದ ಉತ್ತಮ ಐವರ ತಂಡವನ್ನು ಆರಿಸುತ್ತಿದ್ದವರು ಪತ್ರಿಕೆಯವರು. ಆ ವರ್ಷ ಪತ್ರಿಕೆಯವರ ಮೊದಲ ತಂಡದಲ್ಲಿ ರಸೆಲ್ಲನಿಗೆ ಜಾಗವಿರಲಿಲ್ಲ. ಚೇಂಬರ್ಲೇನ್ ಅಲ್ಲಿದ್ದ, ರಸೆಲ್ ಎರಡನೆಯ ತಂಡದಲ್ಲಿದ್ದ. ಪುಸ್ತಕ ನೋಡಿ ತೀರ್ಪಿತ್ತವರಿಗೆ ಆತನು ಎರಡನೆಯವನು, ಎದುರಿಗೆ ನಿಂತು ಚೆಂಡನ್ನು ಎಸೆಯಬೇಕಾಗಿದ್ದವರಿಗೆ ಮೊದಲನೆಯವನು. ಇವೆರಡು ತೀರ್ಪುಗಳಲ್ಲಿ ನಾನು ಯಾವುದನ್ನು ನೆಚ್ಚುತ್ತೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷದ ಬೃಹತ್ ಸಂಖ್ಯೆಗಳನ್ನು ಓದುವಾಗ ಇನ್ನೊಂದನ್ನೂ ಮರೆಯಬಾರದು. ಅಂದು ಒಂದೊಂದು ತಂಡವೂ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಬಾರಿ ಎಸೆಯುತ್ತಿತ್ತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಫಲವಾಗುತ್ತಿದ್ದುವು. ಎಸೆತ ಹೆಚ್ಚಿದರೆ ಅಂಕವೂ, ತಪ್ಪಿದ ಎಸೆತ ಹೆಚ್ಚಿದರೆ ರೀಬೌಂಡೂ ಹೆಚ್ಚುವುದು ಸಹಜವೇ. ಇದನ್ನು ಹೇಳಿದ್ದು ಚೇಂಬರ್ಲೇನನನ್ನು ಕುಗ್ಗಿಸಲೆಂದಲ್ಲ. ಅದೇ ಗಾಳಿಯನ್ನು ಉಸಿರಾಡಿದ ಬೇರೆ ಯಾರೂ 50ರ ಹತ್ತಿರ ಸುಳಿಯಲಿಲ್ಲ. ಆತನಿಗಾಗಿಯೇ 1964ರಲ್ಲಿ ಆ ಓಣಿಯನ್ನು ಮತ್ತೆ 16 ಅಡಿಗೆ ಅಗಲಿಸಿದರು. ಬರಿಯ ಎಸೆತಗಾರನೆಂಬ ಆಕ್ಷೇಪಕ್ಕೆ ಉತ್ತರವಾಗಿ, ಸೆಂಟರ್ ಸ್ಥಾನದಲ್ಲಿ ನಿಂತೇ 1967-68ರಲ್ಲಿ 702 ಅಸಿಸ್ಟ್‌ಗಳೊಡನೆ ಇಡೀ ಕೂಟದ ಮೊತ್ತದಲ್ಲಿ ಮೊದಲಿಗನಾದನು. 23,924 ರೀಬೌಂಡ್‌ಗಳ ಆತನ ದಾಖಲೆ ಮುರಿಯುವ ಬಗೆ ನನಗಂತೂ ಕಾಣದು. ಚೇಂಬರ್ಲೇನನ ದುರದೃಷ್ಟವೆಂದರೆ, ಎಣಿಸಬಹುದಾದುದನ್ನೆಲ್ಲ ಆತನು ಗೆದ್ದುಕೊಂಡ ಮೇಲೆ ಜನ ಎಣಿಸಲಾಗದುದನ್ನು ಕೇಳಿದರು.

ಆ ಎಣಿಸಲಾಗದುದು ಏನೆಂಬುದನ್ನು ಬಿಲ್ ರಸೆಲ್ಲನ ಆಟದಲ್ಲಿ ನೋಡಬೇಕು. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವುದಕ್ಕೆ ಬ್ಲಾಕ್ ಎನ್ನುತ್ತೇವೆ. ತಡೆದವನು ಚೆಂಡನ್ನು ಪ್ರೇಕ್ಷಕರ ನಡುವೆ ಬೀಳುವಂತೆ ಬಡಿದರೆ ಚಪ್ಪಾಳೆ ಬೀಳುತ್ತದೆ; ಆದರೆ ಚೆಂಡು ಎದುರಾಳಿಗೇ ಹಿಂದಿರುಗುತ್ತದೆ. ಎಡಗೈಯ ರಸೆಲ್ ಹಾಗೆ ಬಡಿಯುತ್ತಿರಲಿಲ್ಲ. ಮೆಲ್ಲನೆ ತಟ್ಟಿ, ಚೆಂಡು ಅಂಕಣದೊಳಗೇ ಉಳಿದು ತನ್ನವನೊಬ್ಬನ ಕೈ ಸೇರುವಂತೆ ಮಾಡುತ್ತಿದ್ದನು. ಅಲ್ಲಿಂದ ಬಾಬ್ ಕೂಸಿಯಂಥವನು ಅದನ್ನು ಹಿಡಿದು ಮುಂದೋಡಿದರೆ, ತಮ್ಮ ಬುಟ್ಟಿಗೆ ಬೀಳಬೇಕಾಗಿದ್ದ ಎರಡು ಅಂಕ ಎದುರು ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ತಡೆಯದೆ ಹೋದ ಎಸೆತಗಳಲ್ಲಿಯೂ ಆತನ ನೆರಳಿರುತ್ತಿತ್ತು: ಒಮ್ಮೆ ತಡೆಯಲ್ಪಟ್ಟವನು ಮುಂದಿನ ಐದು ಸಲ ಆತನೆಲ್ಲಿದ್ದಾನೆಂದು ನೋಡಿಕೊಂಡೇ ಎಸೆಯಬೇಕು. ಈ ಬ್ಲಾಕ್‌ಗಳ ಸಂಖ್ಯೆ ಎಷ್ಟೆಂದು ಕೇಳುವಿರಾ? ಎನ್‌ಬಿಎ ಬ್ಲಾಕ್‌ಗಳನ್ನೂ ಚೆಂಡನ್ನು ಕಸಿಯುವ ಸ್ಟೀಲ್‌ಗಳನ್ನೂ ಅಧಿಕೃತವಾಗಿ ಎಣಿಸತೊಡಗಿದ್ದು 1973-74ರಲ್ಲಿ. ರಸೆಲ್ ನಿವೃತ್ತನಾದದ್ದು 1969ರಲ್ಲಿ. ಆತನ ಜೀವಿತಕಾರ್ಯದ ಬಹುಭಾಗಕ್ಕೆ ಪುಸ್ತಕದಲ್ಲಿ ಒಂದು ಅಂಕಣವೂ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ್ದು ಫಲಿತಾಂಶದಲ್ಲಿತ್ತು. 13 ಋತುಗಳಲ್ಲಿ 11 ಚಾಂಪಿಯನ್‌ಷಿಪ್‌ಗಳು. ಇದಕ್ಕೆ ಮೊದಲು ಕಾಲೇಜು ಮಟ್ಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯಕ್ಕೆ 1955, 1956ರ ಪ್ರಶಸ್ತಿಗಳು, ಅನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನ ಸ್ವರ್ಣ. ಅದನ್ನು ಮುಗಿಸಿಕೊಂಡೇ ಆತನು ಸೆಲ್ಟಿಕ್ಸ್ ತಂಡವನ್ನು ಋತುವಿನ ನಡುವೆ ಸೇರಿಕೊಂಡದ್ದು. ಸರಣಿಯ ಏಳನೆಯ ನಿರ್ಣಾಯಕ ಪಂದ್ಯವನ್ನು ಹತ್ತು ಬಾರಿ ಆಡಿ ಹತ್ತು ಬಾರಿಯೂ ಗೆದ್ದನು. ಅವುಗಳಲ್ಲೊಂದು, 1962ರ ಫೈನಲ್‌ನ ಏಳನೆಯ ಪಂದ್ಯ, ಹೆಚ್ಚುವರಿ ಅವಧಿಗೆ ಹೋಯಿತು. ಆ ದಿನ ರಸೆಲ್ ಹಿಡಿದ ರೀಬೌಂಡ್‌ಗಳು 40, ಗಳಿಸಿದ ಅಂಕ 30.

ಇದಕ್ಕೆ ಆಕ್ಷೇಪಗಳಿವೆ; ಅವು ಬಲವಾದವು. ಆತನು ಬಂದಾಗ ಕೂಟದಲ್ಲಿದ್ದುದು ಎಂಟು ತಂಡಗಳು, ಇಂದು 30. ಜೊತೆಗೆ ಕೂಸಿ, ಸ್ಯಾಮ್ ಜೋನ್ಸ್, ಜಾನ್ ಹ್ಯಾವ್ಲಿಚೆಕ್ ಇದ್ದರು. ಬೆನ್ನಿಗೆ ರೆಡ್ ಔರ್‌ಬ್ಯಾಕ್‌ನಂಥ ಕೋಚ್ ಇದ್ದನು. ಮೇಲಾಗಿ ಪ್ರಶಸ್ತಿಗಳನ್ನು ಎಣಿಸುವುದೇ ಪ್ರಮಾಣವೆಂದಾದರೆ, ಏಳು ಬಾರಿ ಗೆದ್ದ ತಂಡಗಳಲ್ಲಿದ್ದ ರಾಬರ್ಟ್ ಹಾರಿ ಆರು ಬಾರಿ ಗೆದ್ದ ಮೈಕೇಲ್ ಜೋರ್ಡನ್‌ಗಿಂತ ದೊಡ್ಡವನಾಗಬೇಕಾಗುತ್ತದೆ. ಹತ್ತು ಗೆದ್ದ ಸ್ಯಾಮ್ ಜೋನ್ಸ್ ಇಬ್ಬರಿಗಿಂತಲೂ ದೊಡ್ಡವನಾಗಬೇಕಾಗುತ್ತದೆ. ಯಾರೂ ಹಾಗೆ ಹೇಳುವುದಿಲ್ಲ. ಎಂದರೆ ಪ್ರಶಸ್ತಿಯ ಎಣಿಕೆಯೂ ಇನ್ನೊಂದು ಊರಿನ ಕೊಳಗವೇ ಸರಿ. ನಾನು ಕೇಳುವುದು ಬೇರೆ: ಆ ಮನುಷ್ಯನನ್ನು ತೆಗೆದರೆ ಏನಾಗುತ್ತದೆ? ರಸೆಲ್ ಬರುವವರೆಗೆ ಬಾಸ್ಟನ್‌ಗೆ ಒಂದು ಪ್ರಶಸ್ತಿಯೂ ಇರಲಿಲ್ಲ, ಕೂಸಿಯೂ ಔರ್‌ಬ್ಯಾಕನೂ ಆಗಲೇ ಇದ್ದರೂ ಸಹ. 1958ರ ಫೈನಲ್‌ನಲ್ಲಿ ಆತನ ಹರಡು ನೋಯಿತು. ಸೇಂಟ್ ಲೂಯಿಸ್‌ನ ಬಾಬ್ ಪೆಟಿಟ್ ಕೊನೆಯ ಪಂದ್ಯದಲ್ಲಿ 50 ಅಂಕ ಗಳಿಸಿ ಗೆದ್ದನು. ರಸೆಲ್ ನಿವೃತ್ತನಾದ ಮರುವರ್ಷ ಅದೇ ಸೆಲ್ಟಿಕ್ಸ್ 34 ಗೆದ್ದು 48 ಸೋತು, ನಾಕೌಟ್ ಹಂತವನ್ನೇ ಮುಟ್ಟಲಿಲ್ಲ. ಆತನು ಗಾಯವಿಲ್ಲದೆ ಆಡಿಯೂ ಬಾಸ್ಟನ್ ಪ್ರಶಸ್ತಿ ಕಳೆದುಕೊಂಡದ್ದು ಒಮ್ಮೆ ಮಾತ್ರ, 1967ರಲ್ಲಿ, ಚೇಂಬರ್ಲೇನನ ತಂಡಕ್ಕೆ. ಆಗ ಬಾಸ್ಟನ್ ತಂಡದ ಕೋಚ್ ಕೂಡ ರಸೆಲ್ಲನೇ ಆಗಿದ್ದನು. 1966ರಲ್ಲಿ ಆತನನ್ನು ನೇಮಿಸಿದಾಗ ಅಮೆರಿಕದ ಪ್ರಮುಖ ವೃತ್ತಿಕ್ರೀಡೆಗಳ ಆಧುನಿಕ ಕಾಲದಲ್ಲಿ ಕರಿಯ ಜನಾಂಗದವನೊಬ್ಬನು ಮುಖ್ಯ ಕೋಚ್ ಆದದ್ದು ಅದೇ ಮೊದಲು.

ಈ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಅರ್ಲ್ ಲಾಯ್ಡ್ ಎನ್‌ಬಿಎ ಅಂಕಣಕ್ಕಿಳಿದ ಮೊದಲ ಕರಿಯ ಆಟಗಾರನಾದದ್ದು 1950ರಲ್ಲಿ. 1959ರಲ್ಲಿ ವೆಸ್ಟ್ ವರ್ಜೀನಿಯದ ಚಾರ್ಲ್ಸ್‌ಟನ್‌ನಲ್ಲಿ ತನಗೂ ತನ್ನ ಕರಿಯ ಜೊತೆಗಾರರಿಗೂ ಹೋಟೆಲಿನಲ್ಲಿ ಕೊಠಡಿ ನಿರಾಕರಿಸಿದರೆಂದು ಎಲ್ಜಿನ್ ಬೇಲರ್ ಆ ರಾತ್ರಿ ಆಡಲು ಒಪ್ಪಲಿಲ್ಲ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್‌ನಲ್ಲಿ ಹೋಟೆಲಿನ ಕಾಫಿ ಅಂಗಡಿಯಲ್ಲಿ ಬಡಿಸಲೊಲ್ಲೆವೆಂದಾಗ ರಸೆಲ್ಲನೂ ಆತನ ಕರಿಯ ಜೊತೆಗಾರರೂ ಪಂದ್ಯವನ್ನು ಬಿಟ್ಟು ಊರಿಗೆ ಹಿಂದಿರುಗಿದರು. ಆ ರಾತ್ರಿಗಳ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಏನೂ ಇಲ್ಲ. ನನ್ನ ಎಣಿಕೆಯಲ್ಲಿ ಅವು ಅವರ ವೃತ್ತಿಜೀವನದ ಬಹು ದೊಡ್ಡ ಆಟಗಳು. ಆಸ್ಕರ್ ರಾಬರ್ಟ್‌ಸನ್ನನ ವಿಷಯವೂ ಹಾಗೆಯೇ: ಆಟಗಾರರ ಸಂಘದ ಅಧ್ಯಕ್ಷನಾಗಿ 1970ರಲ್ಲಿ ಆತನು ಹೂಡಿದ ದಾವೆ 1976ರಲ್ಲಿ ರಾಜಿಯಾಗಿ, ಕರಾರು ಮುಗಿದರೂ ಒಂದೇ ತಂಡಕ್ಕೆ ಕಟ್ಟುಬಿದ್ದಿರುತ್ತಿದ್ದ ಆಟಗಾರನಿಗೆ ಬಿಡುಗಡೆಯ ಬಾಗಿಲು ತೆರೆಯಿತು. ಮುಂದೆ ಲೆಬ್ರಾನ್ ಜೇಮ್ಸ್ ಮಯಾಮಿ, ಕ್ಲೀವ್‌ಲೆಂಡ್, ಲಾಸ್ ಏಂಜಲಿಸ್ ಈ ಮೂರು ಊರುಗಳಿಗೂ ಪ್ರಶಸ್ತಿ ತಂದುಕೊಟ್ಟನೆಂದು ಕೊಂಡಾಡುವಾಗ, ಆತನು ನಡೆದ ದಾರಿಯನ್ನು ಕಡಿದವನ ನೆನಪು ಜೊತೆಗಿರಬೇಕು.

ದೀರ್ಘಕಾಲದ ಸಾಧನೆಯ ಪ್ರಶ್ನೆ ಕರೀಂ ಅಬ್ದುಲ್-ಜಬ್ಬಾರನಿಂದ ಮೊದಲಾಗುತ್ತದೆ. ಆತನು ಕಾಲೇಜಿನಲ್ಲಿ ಲ್ಯೂ ಆಲ್ಸಿಂಡರ್ ಎಂಬ ಹೆಸರಿನಿಂದ ಆಡಿದ ಮೊದಲ ಋತುವಾದೊಡನೆಯೇ, 1967ರಲ್ಲಿ, ಚೆಂಡನ್ನು ಬುಟ್ಟಿಯೊಳಗೆ ಮೇಲಿಂದ ತುರುಕುವುದನ್ನು ಕಾಲೇಜು ಆಟದಲ್ಲಿ ನಿಷೇಧಿಸಿದರು. ಬೇರೊಬ್ಬನಾಗಿದ್ದರೆ ಕುಗ್ಗುತ್ತಿದ್ದನೇನೋ, ಈತನು ಆ ಕೊರತೆಯಿಂದಲೇ ಸ್ಕೈಹುಕ್ ಎಂಬ, ತಲೆಯ ಮೇಲಿಂದ ಕಮಾನಿನಂತೆ ಬಾಗಿ ಹೋಗುವ ಎಸೆತವನ್ನು ಪಳಗಿಸಿಕೊಂಡನು. ಅದನ್ನು ತಡೆಯುವ ಕೈ ಇಪ್ಪತ್ತು ವರ್ಷ ಯಾರಿಗೂ ಇರಲಿಲ್ಲ. ಆರು ಪ್ರಶಸ್ತಿ, ಆರು ಎಂವಿಪಿ, 38,387 ಅಂಕ. ಆ ಸಂಖ್ಯೆ 1989ರಿಂದ 2023ರ ಫೆಬ್ರವರಿ 7ರವರೆಗೆ ಶಿಖರದ ಮೇಲೆ ನಿಂತಿತು. ಅಂದು 38ರ ಹರೆಯದ ಲೆಬ್ರಾನ್ ಅದನ್ನು ದಾಟಿದನು. ಮರುವರ್ಷ 40,000ವನ್ನೂ ದಾಟಿದನು. ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟಾಗ ನೋಡತಕ್ಕದ್ದು ಎರಡಿದೆ. ಮೊದಲನೆಯದು, ದೂರದಿಂದ ಎಸೆದರೆ ಮೂರಂಕವೆಂಬ ಗೆರೆ ಎನ್‌ಬಿಎಗೆ ಬಂದದ್ದು 1979ರಲ್ಲಿ. ಜಬ್ಬಾರನು ಜೀವಮಾನದಲ್ಲಿ ಅಂಥ ಒಂದನ್ನಷ್ಟೇ ಹಾಕಿದನು, ಲೆಬ್ರಾನ್ ಎರಡು ಸಾವಿರಕ್ಕೂ ಹೆಚ್ಚನ್ನು ಹಾಕಿದ್ದಾನೆ. ಎರಡನೆಯದು, ಲೆಬ್ರಾನ್ ಪ್ರೌಢಶಾಲೆಯಿಂದ ನೇರವಾಗಿ 18ರ ವಯಸ್ಸಿನಲ್ಲಿ ಬಂದನು. ಜಬ್ಬಾರನು ಕಾಲೇಜಿನ ನಾಲ್ಕು ವರ್ಷ ಮುಗಿಸಿ 22ಕ್ಕೆ ಬಂದನು. ಆ ನಾಲ್ಕು ವರ್ಷಗಳ ಅಂಕಗಳು ಈ ಮೊತ್ತದಲ್ಲಿ ಸೇರಿಲ್ಲ. ಆದರೂ, ಇಪ್ಪತ್ತು ವರ್ಷದ ಮೇಲೆಯೂ ಕಾಲಿನ ಕಸುವನ್ನು ಕಾಪಾಡಿಕೊಳ್ಳುವುದಕ್ಕೆ ಬೇಕಾದ ತಪಸ್ಸು ಎಂಥದೆಂಬುದನ್ನು ಬಲ್ಲವರು ಲೆಬ್ರಾನನ ಮೊತ್ತವನ್ನು ಲಘುವಾಗಿ ಕಾಣಲಾರರು.

ಮೈಕೇಲ್ ಜೋರ್ಡನ್ನನ ಹೆಸರಿಗೆ ನೀವು ಇಷ್ಟು ಹೊತ್ತು ಕಾದಿದ್ದೀರಿ. ಹತ್ತು ಬಾರಿ ವರ್ಷದ ಅಂಕಗಳಿಕೆಯಲ್ಲಿ ಅಗ್ರಸ್ಥಾನ, ಐದು ಎಂವಿಪಿ, ಆರು ಫೈನಲ್, ಆರರಲ್ಲಿಯೂ ಗೆಲುವು, ಆರರಲ್ಲಿಯೂ ಸರಣಿಯ ಶ್ರೇಷ್ಠ, ಪಂದ್ಯಕ್ಕೆ 30.12 ಅಂಕಗಳ ಸರಾಸರಿ, ಚೇಂಬರ್ಲೇನನ 30.07ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟಲ್ಲದೆ 1988ರಲ್ಲಿ ಒಂದೇ ವರ್ಷ ಎಂವಿಪಿಯೂ ಆಗಿ ಉತ್ತಮ ರಕ್ಷಣಾ ಆಟಗಾರನೂ ಆದನು. ಎರಡು ಬುಟ್ಟಿಗಳ ಬಳಿಯೂ ಒಂದೇ ತೀವ್ರತೆಯಿಂದ ಆಡಿದ ಗಾರ್ಡ್ ಇನ್ನೊಬ್ಬನನ್ನು ನಾನು ಕಂಡಿಲ್ಲ. ತಂದೆಯ ಕೊಲೆಯಾದ 1993ರಲ್ಲಿ ಆಟ ಬಿಟ್ಟು, 1995ರಲ್ಲಿ ಹಿಂದಿರುಗಿ, ಮರು ಋತುವಿನಲ್ಲಿ 82 ಪಂದ್ಯಗಳಲ್ಲಿ 72ನ್ನು ಗೆದ್ದ ಶಿಕಾಗೋ ತಂಡವನ್ನು ಮುನ್ನಡೆಸಿದನು. ಆದರೆ ಆತನ ಪರವಾಗಿ ಹೂಡುವ ಒಂದು ವಾದವನ್ನು ಮಾತ್ರ ನಾನು ಒಪ್ಪಲಾರೆ. ಜೋರ್ಡನ್ ಫೈನಲ್‌ನಲ್ಲಿ ಸೋತದ್ದೇ ಇಲ್ಲ, ಲೆಬ್ರಾನ್ ಹತ್ತರಲ್ಲಿ ಆರು ಸೋತಿದ್ದಾನೆ, ಆದುದರಿಂದ ಕಡಮೆಯವನು ಎನ್ನುತ್ತಾರೆ. ಫೈನಲ್‌ಗೆ ಬಾರದೆ ಮೊದಲೇ ಸೋತವನಿಗಿಂತ, ಬಂದು ಸೋತವನಿಗೆ ಹೆಚ್ಚು ದಂಡ ವಿಧಿಸುವ ನ್ಯಾಯ ಇದಾವುದು? ಜೋರ್ಡನ್ನನೂ ಮೊದಲ ಆರು ವರ್ಷ ಫೈನಲ್‌ಗೆ ಮುಂಚೆಯೇ ಸೋತವನು. ಲೆಬ್ರಾನ್ 2016ರಲ್ಲಿ, ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ತಂಡದೆದುರು 1-3ರ ಹಿನ್ನಡೆಯಿಂದ ಎದ್ದು ಬಂದು ಗೆದ್ದದ್ದು, ಸೋಲಿನ ಅಂಚನ್ನು ಹತ್ತಿರದಿಂದ ನೋಡಿದವನಿಗೆ ಮಾತ್ರ ಸಾಧ್ಯವಾಗುವಂಥ ಗೆಲುವು.

ಮಿಕ್ಕವರ ವಿಷಯದಲ್ಲಿ ವಿಸ್ತಾರಕ್ಕೆ ಹೊತ್ತಿಲ್ಲ. ಮ್ಯಾಜಿಕ್ ಜಾನ್ಸನ್, ತನ್ನ ಮೊದಲ ವರ್ಷದಲ್ಲಿಯೇ, 1980ರ ಫೈನಲ್‌ನ ಆರನೆಯ ಪಂದ್ಯದಲ್ಲಿ ಗಾಯಗೊಂಡ ಜಬ್ಬಾರನ ಸ್ಥಾನದಲ್ಲಿ ನಿಂತು, 20ರ ಹುಡುಗನಾಗಿದ್ದಾಗಲೇ 42 ಅಂಕ, 15 ರೀಬೌಂಡ್, 7 ಅಸಿಸ್ಟ್‌ಗಳೊಡನೆ ಪ್ರಶಸ್ತಿಯನ್ನು ತಂದನು. ಲ್ಯಾರಿ ಬರ್ಡ್ 1984ರಿಂದ ಮೂರು ವರ್ಷ ಸತತವಾಗಿ ಎಂವಿಪಿಯಾದನು. ಟಿಮ್ ಡಂಕನ್ 19 ವರ್ಷ ಒಂದೇ ಊರಿನಲ್ಲಿ ಸದ್ದಿಲ್ಲದೆ ಆಡಿ ಐದು ಪ್ರಶಸ್ತಿ ಗಳಿಸಿದನು. ಜೂಲಿಯಸ್ ಅರ್ವಿಂಗ್ ತಾರುಣ್ಯದ ಅತ್ಯುತ್ತಮ ವರ್ಷಗಳನ್ನು ಎಬಿಎ ಎಂಬ ಎದುರು ಕೂಟದಲ್ಲಿ ಕಳೆದನು. 1976ರಲ್ಲಿ ಅದು ಮುಚ್ಚಿ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದಾಗ, ಆ ವರ್ಷಗಳ ಅಂಕಗಳನ್ನು ಇಲ್ಲಿಯ ಮೊತ್ತಕ್ಕೆ ಸೇರಿಸಿಕೊಳ್ಳಲಿಲ್ಲ. ಒಂದು ಪುಸ್ತಕ ಮುಚ್ಚಿದರೆ ಮನುಷ್ಯನ ಯೌವನವೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಜಾನ್ ಸ್ಟಾಕ್‌ಟನ್ನನ 15,806 ಅಸಿಸ್ಟ್‌ಗಳ ಹತ್ತಿರಕ್ಕೆ ಯಾರೂ ಬಂದಿಲ್ಲ. ಆತನ ಮನೆಯಲ್ಲಿ ಒಂದು ಪ್ರಶಸ್ತಿಯೂ ಇಲ್ಲ. ಸ್ಟೀಫನ್ ಕರ್ರಿ ಮೂರಂಕದ ಗೆರೆಯ ಆಚೆಯ ನೆಲವನ್ನು ಸಾಗುವಳಿಗೆ ತಂದನು. ಇಂದು ಊರೂರಿನ ಅಂಕಣದಲ್ಲಿಯೂ ಮಕ್ಕಳು ಅಷ್ಟು ದೂರದಿಂದ ಎಸೆಯುವುದನ್ನು ಕಂಡರೆ ಆತನ ಸಾಧನೆ ಯಾವ ದಾಖಲೆಯಲ್ಲಿದೆಯೆಂಬುದು ತಿಳಿಯುತ್ತದೆ. ಮಹಿಳೆಯರ ಇಂದಿನ ವೃತ್ತಿ ಕೂಟದ ಆಟ ಮೊದಲಾದದ್ದೇ 1997ರಲ್ಲಿ. ಅಲ್ಲಿ 10,000 ಅಂಕಗಳನ್ನು ಮೊದಲು ದಾಟಿದ ಡಯಾನಾ ಟೌರಾಸಿಯ ಬಗೆಗೆ ಇನ್ನೊಂದು ಉಪನ್ಯಾಸವೇ ನಡೆಯಬೇಕು.

ಇಂದು ಪುಸ್ತಕ ಬರೆಯುವ ಬಗೆ ಬೇರೆಯಾಗಿದೆ. 2013ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಮಾಡಿನಲ್ಲಿಯೂ ಕ್ಯಾಮೆರಾಗಳು ಕುಳಿತು ಪ್ರತಿಯೊಬ್ಬನ ಹೆಜ್ಜೆಯನ್ನೂ ಚೆಂಡಿನ ಚಲನೆಯನ್ನೂ ಗುರುತಿಸುತ್ತಿವೆ. ಎಷ್ಟು ಎಸೆತಗಳಿಗೆ ಯಾರು ಕೈ ಅಡ್ಡ ಹಿಡಿದರು, ಎಷ್ಟು ಚೆಂಡುಗಳನ್ನು ಬೆರಳ ತುದಿಯಿಂದ ದಾರಿ ತಪ್ಪಿಸಿದರು ಎಂಬುದಕ್ಕೂ ಈಗ ಅಂಕಣಗಳಿವೆ. ಇವನ್ನೆಲ್ಲ ನೋಡುವಾಗ ನನ್ನ ಹಳೆಯ ಪುಸ್ತಕದ ಆ ಬರಿದಾದ ಸಾಲು ಕಣ್ಣ ಮುಂದೆ ಬರುತ್ತದೆ, ಈಗಿನ ಕಾಲದಲ್ಲಾಗಿದ್ದರೆ ಅದು ತುಂಬಿ ತುಳುಕುತ್ತಿತ್ತು. ಯಾರು ಎಲ್ಲರಿಗಿಂತ ಮೇಲೆ ಎಂದು ಕೇಳುವವರಿಗೆ ನಾನು ರಸೆಲ್ಲನ ಹೆಸರನ್ನು ಹೇಳುತ್ತೇನೆ. ಆತನ ಹಿಂದೆಯೇ, ಅರ್ಧ ಹೆಜ್ಜೆಯ ಅಂತರದಲ್ಲಿ, ಜೋರ್ಡನ್ನನನ್ನು ನಿಲ್ಲಿಸುತ್ತೇನೆ. ಒಪ್ಪದವರು ಬಹಳ ಮಂದಿಯಿದ್ದಾರೆಂದು ಬಲ್ಲೆ. ಅವರೊಡನೆ ಈ ಸಭೆಯ ಬಳಿಕ ರಾತ್ರಿಯಿಡೀ ಮಾತನಾಡಲು ಸಿದ್ಧನಿದ್ದೇನೆ.

1969ರ ಮೇ 5ರಂದು ಲಾಸ್ ಏಂಜಲಿಸ್ ಬಳಿಯ ಫೋರಂ ಕ್ರೀಡಾಂಗಣದಲ್ಲಿ ಫೈನಲ್‌ನ ಏಳನೆಯ ಪಂದ್ಯ ನಡೆಯಿತು. ಲೇಕರ್ಸ್ ಪಕ್ಷದಲ್ಲಿ ಚೇಂಬರ್ಲೇನ್, ಬೇಲರ್, ಜೆರ್ರಿ ವೆಸ್ಟ್ ಮೂವರೂ ಇದ್ದರು. ಗೆಲುವು ಖಂಡಿತವೆಂದು ನಂಬಿ ಮಾಡಿನಲ್ಲಿ ಬಲೂನುಗಳನ್ನು ಕಟ್ಟಿಟ್ಟಿದ್ದರು. ತನ್ನ ವಿಭಾಗದಲ್ಲಿ ನಾಲ್ಕನೆಯ ಸ್ಥಾನದಲ್ಲಿದ್ದ ಬಾಸ್ಟನ್ ತಂಡಕ್ಕೆ 35 ವರ್ಷದ ರಸೆಲ್ ಆಟಗಾರನೂ ಕೋಚೂ ಆಗಿದ್ದನು. 108-106ರಿಂದ ಬಾಸ್ಟನ್ ಗೆದ್ದಿತು, ಬಲೂನುಗಳು ಕೆಳಗಿಳಿಯಲಿಲ್ಲ, ಅದೇ ರಸೆಲ್ಲನ ಕೊನೆಯ ಪಂದ್ಯವಾಯಿತು. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಬಹುಮಾನವೊಂದನ್ನು ಆ ವರ್ಷವೇ ಹೊಸದಾಗಿ ಏರ್ಪಡಿಸಿದ್ದರು. ಆ ದಿನ 42 ಅಂಕ, 13 ರೀಬೌಂಡ್, 12 ಅಸಿಸ್ಟ್‌ಗಳನ್ನು ಗಳಿಸಿಯೂ ಸೋತ ಜೆರ್ರಿ ವೆಸ್ಟ್‌ಗೆ ಅದು ಸಂದಿತು. ಹನ್ನೊಂದು ಬಾರಿ ಗೆದ್ದ ರಸೆಲ್ಲನಿಗೆ ಅದು ಎಂದೂ ಸಿಗಲಿಲ್ಲ. ನಲವತ್ತು ವರ್ಷದ ಮೇಲೆ, 2009ರಲ್ಲಿ, ಆ ಬಹುಮಾನಕ್ಕೆ ಬಿಲ್ ರಸೆಲ್ಲನ ಹೆಸರನ್ನೇ ಇಟ್ಟರು. ಆ ವರ್ಷದ ಜೂನ್‌ನಲ್ಲಿ ಒರ್ಲ್ಯಾಂಡೋದಲ್ಲಿ ಫೈನಲ್ ಮುಗಿದಾಗ, ನೆರೆತ ಗಡ್ಡದ, 75ರ ವಯಸ್ಸಿನ ರಸೆಲ್ ವೇದಿಕೆಯ ಮೇಲೆ ಬಂದು, ತನ್ನ ಹೆಸರನ್ನು ಹೊತ್ತ ಆ ಬಹುಮಾನವನ್ನು ತನ್ನೆರಡು ಕೈಗಳಿಂದಲೇ ಕೋಬಿ ಬ್ರಯಂಟನ ಕೈಗಿತ್ತನು.